ಹಳೇ ಡಿಸ್ಕು ತಿರುಗುವ ತನಕ

ಮಾರ್ಚ್ 4

ಈ ಡೈರಿ ಜಿಪ್ಪು ಮಾರುವ ಕಂಪನಿಯವರು ಹೋದ ವರ್ಷ ಬಿಟ್ಟಿ ಕೊಟ್ಟದ್ದು. ತಾರೀಕು ಸರಿ, ವಾರ ಒಂದೂ ಹೊಂದುವುದಿಲ್ಲ. ಬುಧವಾರ ಎಂದು ಅಚ್ಚಾಗಿದೆ, ಇವತ್ತು ಗುರುವಾರ. ನನಗೆ ಅಷ್ಟು ಸಾಕು. ನಮ್ಮ ಯಜಮಾನರ ಎದುರು ಬಯ್ಯಬಾರದೆಂದು ಡಾಕ್ಟರು ಹೇಳಿದ್ದಾರೆ. ಬಯ್ಯದೆ ಇದ್ದರೆ ನನಗೇ ಏನಾದರೂ ಆದೀತು. ಹಾಗಾಗಿ ಇನ್ನು ಮುಂದೆ ಕಾಗದದ ಮೇಲೆ ಬಯ್ಯುವುದು.

ಇವರ ಹೃದಯದ ಒಂದು ಕವಾಟ ಗಟ್ಟಿಯಾಗಿಬಿಟ್ಟಿದೆಯಂತೆ. ಆಪರೇಷನ್ ಮಾಡಿ ಬೇರೆಯದು ಹಾಕಬೇಕು. ಎರಡು ತಿಂಗಳ ಮೇಲೆ ಕಾಯುವಂತಿಲ್ಲ, ಕಾದರೆ ಕಷ್ಟ ಎಂದರು. "ಕಷ್ಟ ಅಂದ್ರೆ ಏನು ಡಾಕ್ಟ್ರೇ?" ಎಂದು ಮಗಳು ಕೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ನಮಗೆ ಸಿಕ್ಕಿತು.

ಆಗ ಇವರು ಬಾಯಿ ಬಿಟ್ಟರು. "ಮಾಡಿಸ್ಕೊಳ್ತೀನಿ ಡಾಕ್ಟ್ರೇ. ಒಂದೇ ಒಂದು ಕೆಲಸ ಬಾಕಿ ಇದೆ. ಅದು ಮುಗಿದ ಮರುದಿನವೇ ಬಂದು ಮಲಗ್ತೀನಿ."

ಏನಪ್ಪಾ ಅಂಥ ಘನಕಾರ್ಯ ಅಂದರೆ, ಮೂಲೆಯಲ್ಲಿರುವ ಆ ಹಳೇ ಡಬ್ಬಕ್ಕೆ ಹಾರ್ಡ್ ಡಿಸ್ಕ್ ಹಾಕುವುದು! ಮಗಳು ಹುಟ್ಟಿದ ವರ್ಷ ತಂದದ್ದು. ಕೀಲಿಮಣೆಯ ಹೊಟ್ಟೆಯೊಳಗೇ ಕಂಪ್ಯೂಟರು, ಪರದೆಗೆ ಹಳೇ ಟಿ.ವಿ. ಇವರು ಅದಕ್ಕೆ ಬರೆದ ಪ್ರೋಗ್ರಾಮುಗಳೆಲ್ಲ ಫ್ಲಾಪಿಗಳಲ್ಲಿವೆ, ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತಿದೆ. ಎಲ್ಲವನ್ನೂ ಒಂದು ಡಿಸ್ಕಿಗೆ ತುಂಬಿಬಿಟ್ಟರೆ ನೆಮ್ಮದಿಯಂತೆ. ಮದುವೆ ಮನೆಗೆ ಬೆಂಕಿ ಬಿದ್ದಾಗ ಮೀಸೆ ತಿದ್ದಿಕೊಂಡವನ ಹಾಗೆ.

"ಒಂದು ವಾರದ ಕೆಲಸ" ಎಂದರು. ಮಗಳು ಒಪ್ಪಿದಳು. ಡಾಕ್ಟರು ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ.

ಮಾರ್ಚ್ 9

ಪಾರ್ಸೆಲ್ ಬಂತು. ಹಳೇ ಡಬ್ಬಗಳ ಹುಚ್ಚು ಹಿಡಿದ ಇವರ ಸ್ನೇಹಿತರೊಬ್ಬರಿದ್ದಾರೆ, ಮೀಸೆಯವರು ಅಂತಲೇ ನಮಗೆ ಗೊತ್ತು. ಅವರೇ ಕೈಯಾರೆ ಮಾಡಿ ಕಳಿಸಿದ ಹಸಿರು ಕಾರ್ಡು. ಆ ಡಬ್ಬ ಹುಟ್ಟಿದ ಕಾಲಕ್ಕೆ ಹಾರ್ಡ್ ಡಿಸ್ಕ್ ಎಂದರೇನೆಂದೇ ಅದಕ್ಕೆ ಗೊತ್ತಿರಲಿಲ್ಲವಂತೆ, ಈ ಕಾರ್ಡು ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುತ್ತದಂತೆ. ನಮ್ಮ ಮನೆಯಲ್ಲಿ ಆ ಕೆಲಸ ಮಗಳದು.

ಇವರಿಗೆ ಬಗ್ಗಲು ಆಗುವುದಿಲ್ಲ, ಬಗ್ಗಿದರೆ ಏದುಸಿರು. ಕೈ ನಡುಗುತ್ತದೆ. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಮೂರನೆಯ ಸಲ ನಾನೇ ಕಿತ್ತುಕೊಂಡೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಕೈ, ನೋಡಲಾಗಲಿಲ್ಲ. "ನೀವು ಹೇಳ್ರೀ, ನಾನು ಮಾಡ್ತೀನಿ" ಎಂದೆ. ನಾಳೆಗೆ ಕೊಡಬೇಕಾದ ನಾಲ್ಕು ಪ್ಯಾಂಟುಗಳ ಅಂಚು ಮಡಿಸುವುದು ಬಾಕಿ ಇತ್ತು. ಹೊಲಿಗೆ ಮೇಜಿನ ಮೇಲಿಂದ ಪ್ಯಾಂಟು ಇಳಿಯಿತು, ಡಬ್ಬ ಏರಿತು.

ಮೊದಲ ದಿನದ ಕೆಲಸ ರಬ್ಬರಿನಿಂದ ಉಜ್ಜುವುದು. ಹೌದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರು. ಡಬ್ಬದ ಬೆನ್ನಿನಲ್ಲಿರುವ ತಾಮ್ರದ ಹಲ್ಲುಗಳು ಕಪ್ಪಾಗಿದ್ದವು, ಉಜ್ಜಿದರೆ ಹೊಳೆಯುತ್ತವೆ. ಇವರು ಕುರ್ಚಿಯಲ್ಲಿ ಕುಳಿತು "ಮೆತ್ತಗೆ, ಮೆತ್ತಗೆ" ಎನ್ನುತ್ತಿದ್ದರು. ಮದುವೆಯಾದಾಗಿನಿಂದ ನನಗೆ ಒಂದು ದಿನ ಮೆತ್ತಗೆ ಎಂದು ಹೇಳಿದವರಲ್ಲ.

ಮಾರ್ಚ್ 10

ಹಲ್ಲುಗಳು ಹೊಳೆಯುತ್ತಿವೆ. ಸುಮ್ಮನೆ ಬರೆದಿಟ್ಟೆ.

ಮಾರ್ಚ್ 15

ಡಿಸ್ಕು ತಿರುಗುತ್ತಿಲ್ಲ.

ಡಿಸ್ಕು ಇವರ ಆಫೀಸಿನ ಗುಜರಿಯಿಂದ ಬಂದದ್ದು. ದೊಡ್ಡ ಕಟ್ಟಡವೊಂದರ ಲಿಫ್ಟುಗಳ ಲೆಕ್ಕ ನೋಡುತ್ತ ವರ್ಷಗಟ್ಟಲೆ ಹಗಲೂ ರಾತ್ರಿ ಓಡಿತ್ತಂತೆ. ಒಂದು ದಿನ ನಿಲ್ಲಿಸಿದರು, ಆಮೇಲೆ ಕಪಾಟಿನಲ್ಲಿ ಬಿದ್ದಿತ್ತು. ಅದಕ್ಕೆ ಬೇಕಾದಷ್ಟು ಕರೆಂಟು ಕೊಡಲು ಡಬ್ಬಕ್ಕೆ ತ್ರಾಣವಿಲ್ಲವೆಂದು ಬೇರೆ ಪವರ್ ಡಬ್ಬಿ ಇಟ್ಟೆವು. ಸ್ವಿಚ್ಚು ಹಾಕಿದರೆ ಒಳಗಿಂದ ಒಂದು ಮುಲುಗು, ಅಷ್ಟೇ.

"ಅಂಟ್ಕೊಂಡಿದೆ" ಎಂದರು ಇವರು. ಬಹಳ ದಿನ ನಿಂತರೆ ಓದುವ ಸೂಜಿ ತಟ್ಟೆಗೆ ಅಂಟಿಕೊಳ್ಳುತ್ತದಂತೆ, ಆಮೇಲೆ ಮೋಟಾರು ಎಷ್ಟು ಎಳೆದರೂ ಬಿಡುವುದಿಲ್ಲ. "ಓಡ್ತಾ ಇದ್ದಿದ್ರೆ ಇನ್ನೂ ಹತ್ತು ವರ್ಷ ಓಡ್ತಿತ್ತು ಕಣೇ. ನಿಲ್ಸಿದ್ದೇ ತಪ್ಪಾಯ್ತು." ಹೇಳುತ್ತ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು. ನೋವೇನ್ರೀ ಎಂದು ಕೇಳಿದೆ. ಇಲ್ಲ ಎಂದರು.

ಉಪಾಯ ಹೇಳಿಕೊಟ್ಟರು. ಡಿಸ್ಕನ್ನು ಅಂಗೈಯಲ್ಲಿ ಚಪ್ಪಟೆಯಾಗಿ ಹಿಡಿದು, ಸ್ವಿಚ್ಚು ಹಾಕಿದ ಕ್ಷಣಕ್ಕೆ ಸರಿಯಾಗಿ ಮಣಿಕಟ್ಟನ್ನು ಚಕ್ಕನೆ ತಿರುಚಬೇಕು, ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ಮೊದಲ ಸಲ ಹೆದರಿ ಮೆಲ್ಲಗೆ ತಿರುಚಿದೆ. ಎರಡನೆಯ ಸಲ ಸಿಟ್ಟಿನಿಂದ ತಿರುಚಿದೆ. ಗುಂಯ್ ಎಂದು ಎದ್ದಿತು! ಅಂಗೈಯೊಳಗೆ ಅದರ ಓಟ ತಿಳಿಯುತ್ತಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

ಇವರು ನಗಲಿಲ್ಲ. "ಗುಂಯ್ ಅಂದ್ರೆ ಸಾಲದು. ಮೆಷಿನ್ನು ಅದನ್ನ ಗುರುತಿಸ್ಬೇಕು. ಗುರುತಿಸಿದ್ರೆ ಸೂಜಿ ಓದೋಕೆ ಶುರುಮಾಡುತ್ತೆ, ಟಿಕ್ ಟಿಕ್ ಅಂತ ಸದ್ದು ಬರುತ್ತೆ. ಅವತ್ತು ಹೇಳು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಕೃತಜ್ಞತೆ ಎಂಬುದು ಈ ಮನೆಯಲ್ಲಿ ಯಾವತ್ತು ಇತ್ತು?

ಮಾರ್ಚ್ 21

ಇವತ್ತಿನ ತಪ್ಪು ನನ್ನದೇ. ಕಾರ್ಡಿನಿಂದ ಡಿಸ್ಕಿಗೆ ಹೋಗುವ ಪಟ್ಟಿ ಕೇಬಲ್ಲಿನ ಒಂದು ಅಂಚಿಗೆ ಕೆಂಪು ಗೆರೆ ಇರುತ್ತದೆ, ಆ ಗೆರೆ ಎರಡೂ ತುದಿಯಲ್ಲಿ ಮೊದಲನೇ ಪಿನ್ನಿನ ಕಡ್ಡಿಯ ಕಡೆಗೇ ಇರಬೇಕು. ನಾನು ಒಂದು ಕಡೆ ಉಲ್ಟಾ ಸಿಕ್ಕಿಸಿ ಮೂರು ದಿನ ಎಲ್ಲರ ತಲೆ ತಿಂದೆ. ಜಿಪ್ಪನ್ನು ಉಲ್ಟಾ ಹೊಲಿದವಳನ್ನು ನಾನೇ ಎಷ್ಟು ಸಲ ಆಡಿಕೊಂಡಿಲ್ಲ!

ಮಗಳ ಫೋನು. "ಒಂದು ವಾರ ಅಂದಿದ್ರಲ್ಲಮ್ಮ?"

"ಕಾರ್ಡು ಹೊಸದು, ಡಿಸ್ಕು ಹಳೇದು, ಹೊಂದ್ಬೇಕಲ್ಲೇ."

"ನೀನೂ ಅಪ್ಪನ ಹಾಗೇ ಮಾತಾಡ್ತಿದ್ದೀಯಲ್ಲ!"

ಫೋನು ಇಟ್ಟೆ. ನಾನೇಕೆ ಅವರ ಹಾಗೆ ಮಾತಾಡಲಿ? ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳಿಗೂ ಸಿಟ್ಟಿಗೆ ಕಾರಣವಿದೆ. ಇವರ ಕಾಲು ಸಂಜೆ ಹೊತ್ತಿಗೆ ಊದಿಕೊಳ್ಳುತ್ತಿದೆ, ಮೆಟ್ಟಿಲ ನಡುವೆ ನಿಂತು ಗೋಡೆ ನೋಡುವ ನೆಪ ಮಾಡುತ್ತಾರೆ.

ಮಾರ್ಚ್ 27

ಗುಂಯ್ ಇದೆ, ಟಿಕ್ ಇಲ್ಲ.

ಇನ್ನು ಉಳಿದಿರುವುದು ಜಂಪರ್ ಒಂದೇ ಎಂದು ಮೀಸೆಯವರು ಫೋನಿನಲ್ಲಿ ಹೇಳಿದರು. ಡಿಸ್ಕಿನ ಬೆನ್ನಿನಲ್ಲಿ ಪುಟ್ಟ ಕಡ್ಡಿಗಳ ಸಾಲು, ಅದರಲ್ಲೊಂದು ಜೋಡಿಗೆ ಹಾಕುವ ಬೇಳೆಯಷ್ಟು ದೊಡ್ಡ ಪ್ಲಾಸ್ಟಿಕ್ ಟೋಪಿ. ಅದು ಸರಿಯಾದ ಜೋಡಿಯ ಮೇಲಿದ್ದರೆ ಡಿಸ್ಕು "ನಾನಿದ್ದೇನೆ" ಎನ್ನುತ್ತದೆ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ತಿರುಗುತ್ತಲೇ ಇರುತ್ತದೆ. ಎಡಗಡೆಯ ಕೊನೆಯ ಜೋಡಿಗೆ ಹಾಕಿ ಎಂದರು. ಹುಬ್ಬು ತೀಡುವ ಚಿಮುಟದಿಂದ ಹಾಕಿದೆ. ಎರಡು ತುಂಡು ಕೂಡುವಲ್ಲಿ ಗುರುತು ಹಾಕದೆ ನಾನು ಯಾವತ್ತೂ ಹೊಲಿದವಳಲ್ಲ, ಕೈ ತಾನಾಗಿ ಸೀಮೆಸುಣ್ಣ ತೆಗೆದುಕೊಂಡು ಟೋಪಿಯ ಮೇಲಿಂದ ಪಕ್ಕದ ಪ್ಲಾಸ್ಟಿಕ್ಕಿನವರೆಗೆ ಒಂದು ಗೆರೆ ಎಳೆಯಿತು.

ಹಾಕಿ ನೋಡೋಣ ಎಂದೆ. "ಇವತ್ತು ಸುಸ್ತು ಕಣೇ, ಬೆಳಿಗ್ಗೆ" ಎಂದರು.

ಮಾರ್ಚ್ 28

ಬರಲಿಲ್ಲ. ಬರೀ ಗುಂಯ್.

"ಕಾರ್ಡಲ್ಲೇ ದೋಷ. ಬಿಚ್ಚಿ ಮೀಸೆಗೆ ವಾಪಸ್ ಕಳ್ಸು, ಬೇರೆ ಮಾಡ್ಲಿ. ಒಂದು ತಿಂಗಳಾಗ್ಬಹುದು" ಎಂದರು. ದನಿಯಲ್ಲಿ ಬೇಸರವೇ ಇರಲಿಲ್ಲ. ತಿಂಗಳಿಗೆ ತಿಂಗಳು ಸೇರಿದರೆ ಡಾಕ್ಟರು ಕೊಟ್ಟ ಗಡುವು ಎಲ್ಲಿ ಉಳಿಯುತ್ತದೆ? ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಮಾರ್ಚ್ 30

ಕಾರ್ಡು ಬಿಚ್ಚಲು ಕುಳಿತೆ. ಇವರು ನಿದ್ದೆಯಲ್ಲಿದ್ದರು.

ಗೆರೆ ಮುರಿದಿದೆ.

ಅರ್ಧ ಗೆರೆ ಪಕ್ಕದ ಪ್ಲಾಸ್ಟಿಕ್ಕಿನ ಮೇಲೆ ನಾನು ಎಳೆದಲ್ಲೇ ಇದೆ. ಇನ್ನರ್ಧ ಹೊತ್ತ ಟೋಪಿ ಒಂದು ಜೋಡಿ ಬಲಕ್ಕೆ ಹೋಗಿ ಕುಳಿತಿದೆ. ತಾನಾಗಿ ನಡೆದುಹೋಗಲು ಅದಕ್ಕೆ ಕಾಲಿಲ್ಲ. ಮನೆಯಲ್ಲಿ ಇರುವವರು ನಾವಿಬ್ಬರೇ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾನು ಹೊಲಿಗೆ ಬಿಟ್ಟು, ಗಿರಾಕಿಗಳ ಹತ್ತಿರ ಸುಳ್ಳು ಹೇಳಿ, ಕಣ್ಣು ಕಿತ್ತುಬರುವ ಹಾಗೆ ಈ ಕಡ್ಡಿಗಳನ್ನು ನೋಡಿದ್ದು ಇದಕ್ಕೇನು? ಎಬ್ಬಿಸಿ ಕೇಳಬೇಕೆಂದು ಕೋಣೆಯವರೆಗೆ ಹೋದೆ. ಮೂರು ದಿಂಬು ಒರಗಿಸಿಕೊಂಡು ಕುಳಿತ ಹಾಗೆಯೇ ನಿದ್ದೆ ಮಾಡುತ್ತಿದ್ದರು. ಚಪ್ಪಟೆ ಮಲಗಿದರೆ ಈಗ ಉಸಿರು ಕಟ್ಟುತ್ತದೆ. ಬಾಗಿಲಲ್ಲಿ ನಿಂತು ನೋಡಿ ವಾಪಸು ಬಂದೆ.

ಕಾರ್ಡು ಕಳಿಸಿದೆ ಎಂದು ಸುಳ್ಳು ಹೇಳಿದೆ. ಹೊಲಿಗೆಯ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಇದೆ. "ಒಳ್ಳೇದಾಯ್ತು" ಎಂದು ನನ್ನ ಮುಖ ನೋಡದೆ ಹೇಳಿದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಏಪ್ರಿಲ್ 2

ಸ್ನಾನದ ಮನೆಯಲ್ಲಿ ಬಿದ್ದರು. ಬಕೆಟ್ಟಿನ ಸದ್ದು ಕೇಳಿ ಓಡಿದೆ. ತುಟಿ ನೀಲಿಯಾಗಿತ್ತು. ಮಗಳು ಬಂದಳು, ಆಸ್ಪತ್ರೆ, ಇಂಜೆಕ್ಷನ್ನು, ಸಂಜೆ ಮನೆ. ಎರಡು ತಿಂಗಳ ಮಾತು ಮರೆತುಬಿಡಿ, ಈ ತಿಂಗಳೊಳಗೇ ಆಗಬೇಕು ಎಂದರು ಡಾಕ್ಟರು. ಕನ್ನಡಕ ಒರೆಸಿಕೊಳ್ಳಲಿಲ್ಲ.

ಕಾರಿನಲ್ಲಿ ಇವರು, "ಮೀಸೆ ಕಾರ್ಡು ಕಳಿಸ್ಲಿ, ತಕ್ಷಣ ಬಂದು ಮಲಗ್ತೀನಿ" ಎಂದರು. ಮಗಳು ಸ್ಟೀರಿಂಗಿನ ಮೇಲೆ ಕೈ ಬಡಿದು ಅತ್ತುಬಿಟ್ಟಳು. ನಾನು ಹೊರಗೆ ನೋಡುತ್ತ ಕುಳಿತೆ.

ಏಪ್ರಿಲ್ 4

ಕೇಳಿಬಿಟ್ಟೆ. ಡಿಸ್ಕನ್ನೂ ಡ್ರಾಯರಿನಲ್ಲಿ ಬಚ್ಚಿಟ್ಟ ಕಾರ್ಡನ್ನೂ ತಂದು ಅವರ ತೊಡೆಯ ಮೇಲಿಟ್ಟು ಗೆರೆ ತೋರಿಸಿದೆ.

"ಇದು ಹ್ಯಾಗೆ ಸರಿಯಿತ್ರೀ?"

ಡಿಸ್ಕನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಗೆರೆ ಎಳೆದಿದ್ಯಾ? ನಂಗೆ ಕಾಣ್ಲೇ ಇಲ್ಲ."

"ಕಂಡಿದ್ರೆ ಬೇರೆ ಕಡೆ ಕೈ ಹಾಕ್ತಿದ್ರಿ."

"ಹೂಂ" ಎಂದರು. ಸುಳ್ಳಾದರೂ ಹೇಳಬಾರದೇ ಮನುಷ್ಯ! ಬಯ್ಯಬೇಕೆಂದು ಐದು ದಿನದಿಂದ ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಬಳಕೆಗೆ ಬರಲಿಲ್ಲ.

ಆಮೇಲೆ ಅವರೇ ಹೇಳಿದರು. "ಹೃದಯ ನಿಲ್ಲಿಸ್ತಾರಂತೆ ಕಣೇ. ಡಾಕ್ಟ್ರು ಚಿತ್ರ ಬಿಡಿಸಿ ತೋರ್ಸಿದ್ರು. ಪೂರ್ತಿ ನಿಲ್ಲಿಸಿ, ಕವಾಟ ಹೊಲಿದು, ಮತ್ತೆ ಶುರುಮಾಡ್ತಾರಂತೆ. ನಾನು ಎಷ್ಟು ಮೋಟಾರು ನಿಲ್ಲಿಸಿದ್ದೀನಿ ಗೊತ್ತಾ? ಹೊಸದಾದ್ರೆ ತೊಂದ್ರೆ ಇಲ್ಲ. ಹಳೇದು ಓಡ್ತಾ ಇದ್ದಷ್ಟು ದಿನ ಓಡುತ್ತೆ. ಎಣ್ಣೆ ಹಾಕೋಣ ಅಂತ ಒಂದ್ಸಲ ನಿಲ್ಸಿದ್ವೋ, ಮುಗೀತು, ಏಳೋದೇ ಇಲ್ಲ. ಕೆಳಗೆ ಜನ ಕಾಯ್ತಾ ಇರ್ತಾರೆ, ನಾನು ಮೇಲೆ ಕೂತು ಅದನ್ನೇ ನೋಡ್ತಾ ಇರ್ತಿದ್ದೆ."

"ಹೆದರಿಕೆ ಆಗ್ತಿದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮ್ಗೆ?"

"ನೀನು ಹೆದರ್ತೀಯ ಅಂತ."

"ನಾನು ಯಾಕೆ ಹೆದರ್ಲಿ? ನಂಗೇನೂ ಹೆದರಿಕೆ ಇಲ್ಲ" ಎಂದೆ. ಹೆದರುವುದಕ್ಕೆ ಪುರುಸೊತ್ತು ಬೇಕಲ್ಲ. ಮನೆ, ಹೊಲಿಗೆ, ಮಾತ್ರೆ, ಇದರ ಮೇಲೆ ಮೆಷಿನ್ನು.

ನನ್ನ ಕೈ ಹಿಡಿದುಕೊಂಡರು. ಮೂವತ್ತು ವರ್ಷದಲ್ಲಿ ಇವರ ಕೈ ಇಷ್ಟು ತಣ್ಣಗಿದ್ದದ್ದು ನನಗೆ ನೆನಪಿಲ್ಲ. "ಸರಿಯಾಗಿ ಹಾಕು. ಮೆಷಿನ್ನು ಗುರುತಿಸಿದ ದಿನ ಡಾಕ್ಟ್ರಿಗೆ ಫೋನ್ ಮಾಡ್ತೀನಿ. ಈ ಸಲ ಕಳ್ಳಾಟ ಇಲ್ಲ" ಎಂದರು. ನಂಬಿದೆ. ಟೋಪಿಯನ್ನು ಅದರ ಜಾಗಕ್ಕೆ ಹಾಕಿದೆ. ಗೆರೆ ಕೂಡಿಕೊಂಡಿತು.

ಏಪ್ರಿಲ್ 7

ಗಿರಾಕಿಯೊಬ್ಬರ ಮದುವೆಯ ಕೋಟು ತೋಳು ಮೋಟು ಮಾಡಲು ಬಂದಿತ್ತು, ಎರಡು ದಿನ ಅದರಲ್ಲೇ ಹೋಯಿತು. ಹೋಗಲೇಬೇಕಾಗಿತ್ತೆಂದಲ್ಲ, ನಾಜೂಕಿನ ಕೆಲಸ.

ಇವತ್ತು ಬೆಳಿಗ್ಗೆ ಕಾರ್ಡು ಕೂಡಿಸಿದೆ. ಇವರು ಒಳಗೆ ಹಾಸಿಗೆಯಲ್ಲಿ. ಕೆಂಪು ಗೆರೆ ನೋಡಿದೆ, ಜಂಪರ್ ನೋಡಿದೆ, ಪವರ್ ಡಬ್ಬಿ ಮೊದಲು, ಮೆಷಿನ್ನು ಆಮೇಲೆ. ಡಿಸ್ಕು ಈಗ ತಿರುಚುವ ಗೋಜಿಲ್ಲದೆ ಎದ್ದೇಳುತ್ತದೆ, ಅಭ್ಯಾಸವಾಗಿದೆ. ಗುಂಯ್ ಎಂದಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟಿಕ್. ಟಿಕ್ ಟಿಕ್. ಟಿ.ವಿ. ಪರದೆಯ ಮೇಲೆ ಒಂದು ಸಾಲು ಮೂಡಿತು. ಡಿಸ್ಕಿನ ಹೆಸರು, ಅದರ ಅಳತೆ, ಎಲ್ಲ ಸರಿ.

"ಬಂತೇನೇ?" ಒಳಗಿಂದ ಕೂಗಿದರು.

"ಇಲ್ಲ ರೀ, ಬರಲಿಲ್ಲ" ಎಂದು ಆರಿಸಿಬಿಟ್ಟೆ.

ಯಾಕೆ ಹಾಗೆಂದೆನೋ ನನಗೆ ತಿಳಿಯದು. ಇನ್ನೊಮ್ಮೆ ಕೇಬಲ್ ನೋಡಿ ಖಾತ್ರಿ ಮಾಡಿಕೊಂಡು ಹೇಳೋಣ ಎಂದಿರಬೇಕು. ಅರ್ಧಂಬರ್ಧ ಕೆಲಸ ನನಗೆ ಆಗುವುದಿಲ್ಲ. ಕುರ್ಚಿಯಲ್ಲೇ ಕುಳಿತು ಮೇಜಿನ ಮೇಲಿನ ದಾರದ ಚೂರುಗಳನ್ನು ಗುಡಿಸಿದೆ.

ಗೋಡೆ ಹಿಡಿದುಕೊಂಡು ಇವರು ಬಂದರು. ಬಂದು ನನ್ನ ಹಿಂದೆ ನಿಂತರು.

"ಟಿಕ್ ಟಿಕ್ ಅಲ್ಲಿಗೇ ಕೇಳಿಸ್ತು ಕಣೇ."

ನಾನು ಕೇಬಲ್ಲು ಸರಿಮಾಡುವವಳ ಹಾಗೆ ಬಗ್ಗಿದೆ.

"ನಾನು ಮಾಡಿದ್ದನ್ನೇ ನೀನೂ ಮಾಡಿದ್ರೆ ಹೇಗೆ?" ಎಂದರು. ಬಯ್ಯುವ ದನಿಯಲ್ಲ. ನಕ್ಕರೋ ಏನೋ, ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅವರೇ ಕೈ ಚಾಚಿ ಸ್ವಿಚ್ಚು ಹಾಕಿದರು. ಗುಂಯ್, ಟಿಕ್ ಟಿಕ್, ಸಾಲು. ಮತ್ತೆ ಅವರೇ ಹೋಗಿ ಫೋನು ತೆಗೆದುಕೊಂಡರು. "ಡಾಕ್ಟ್ರೇ, ನಮ್ಮ ಕೆಲಸ ಮುಗೀತು" ಎನ್ನುವುದು ಕೇಳಿಸಿತು.

ಹದಿನಾಲ್ಕಕ್ಕೆ ಆಪರೇಷನ್. ಹದಿಮೂರಕ್ಕೇ ಮಲಗಬೇಕಾಗಿತ್ತು, ಹದಿನಾಲ್ಕರ ಬೆಳಿಗ್ಗೆ ಬೇಗ ಬರುತ್ತೇವೆಂದು ಗೋಗರೆದು ಒಪ್ಪಿಸಿದವಳು ನಾನು. ಆಸ್ಪತ್ರೆಯ ಹಾಸಿಗೆ ಇವರಿಗೆ ಒಗ್ಗುವುದಿಲ್ಲ.

ಏಪ್ರಿಲ್ 11

ಈ ನಾಲ್ಕು ದಿನ ಮೆಷಿನ್ನನ್ನು ಆರಿಸಿಲ್ಲ. ಆರಿಸೋಣವೆಂದು ಇವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಬಲ್ಬು ಸುಮ್ಮನೆ ಉರಿದರೆ ಮನೆ ಹಾರಿಹೋಗುವ ಹಾಗೆ ಕೂಗುವವಳು ನಾನು.

ಡಿಸ್ಕಿನಲ್ಲಿದ್ದ ಹಳೇ ಲೆಕ್ಕವನ್ನೆಲ್ಲ ಅಳಿಸಿ ಫ್ಲಾಪಿಗಳನ್ನು ಒಂದೊಂದಾಗಿ ತುಂಬುತ್ತಿದ್ದೇನೆ. ಬೂಷ್ಟು ಬಂದವನ್ನು ಹತ್ತಿಯಿಂದ ಒರೆಸಿ ಹಾಕಿದರೆ ಅರ್ಧಕ್ಕರ್ಧ ಓದುತ್ತವೆ. ಇವರು ಹೇಳಿದ ಕ್ರಮ ಸರಿಯಿಲ್ಲ. ಆಟಗಳನ್ನೂ ಲೆಕ್ಕಗಳನ್ನೂ ಒಂದೇ ಕಡೆ ಸುರಿ ಎನ್ನುತ್ತಾರೆ, ಆಮೇಲೆ ಹುಡುಕುವವರು ಯಾರು? ನಾನೇ ಬೇರೆ ಬೇರೆ ಅರೆ ಮಾಡಿ ಜೋಡಿಸಿದ್ದೇನೆ. ಮೀಸೆಯವರಿಗೆ ಫೋನು ಮಾಡಿ ಇವರ ಮೇಲೆ ದೂರು ಹೇಳಿದೆ, ನನ್ನದೇ ಸರಿ ಎಂದರು.

ಮಗಳು ಬಂದಿದ್ದಳು. ಅವಳು ಚಿಕ್ಕವಳಿದ್ದಾಗ ಇವರು ಬರೆದುಕೊಟ್ಟ ಲಿಫ್ಟಿನ ಆಟ ಸಿಕ್ಕಿತು. ಪ್ರಾಣಿಗಳನ್ನು ಅವುಗಳ ಮಹಡಿಗೆ ಇಳಿಸಬೇಕು, ಬೇರೆಯವುಗಳ ಜೊತೆ ಆನೆ ಹತ್ತಿದರೆ ಲಿಫ್ಟು ನಿಂತುಹೋಗುತ್ತದೆ. ಫ್ಲಾಪಿಯಿಂದ ಶುರುವಾಗಲು ಆಗೆಲ್ಲ ಅವಳ ಹಾಲು ಆರಿಹೋಗುವಷ್ಟು ಹೊತ್ತು ಹಿಡಿಯುತ್ತಿತ್ತು. ಈಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು. "ಆನೆಯನ್ನ ಕೊನೇಗೆ ಹತ್ತಿಸ್ಬೇಕಿತ್ತಲ್ವಾ ಅಪ್ಪಾ?" ಎನ್ನುತ್ತ ಆಡಿದಳು. ಇವರು ದಿಂಬಿಗೆ ಒರಗಿ ನೋಡುತ್ತಿದ್ದರು. ಇಬ್ಬರೂ ಒಟ್ಟಿಗೆ ನಕ್ಕಾಗ ನನಗೆ ಅಳು ಬಂತು. ಹೊರಗೆ ಹೋಗಿ ಬಟ್ಟೆ ಒಣಗಿದೆಯೇ ನೋಡಿ ಬಂದೆ. ಒಣಗಿತ್ತು.

ಏಪ್ರಿಲ್ 14

ಆಸ್ಪತ್ರೆಯ ಮೊಗಸಾಲೆ. ಇವರನ್ನು ಒಳಗೆ ಕರೆದುಕೊಂಡು ಹೋದರು. ಮಗಳು ಔಷಧಿ ತರಲು ಹೋಗಿದ್ದಾಳೆ.

ಬೆಳಿಗ್ಗೆ ಹೊರಡುವಾಗ ಬಾಗಿಲಿನವರೆಗೆ ಬಂದಿದ್ದೆವು. ಇವರು ನಿಂತರು.

"ಮೆಷಿನ್ನು ಆರ್ಸಲ್ವೇನೇ?"

"ಓಡ್ಲಿ ಬಿಡ್ರೀ. ಅದರ ಪಾಡಿಗೆ ಅದು ಇರುತ್ತೆ."

"ಯಾರೂ ಇಲ್ಲದ ಮನೇಲಿ ಅದೊಂದೇ ಯಾಕೆ ಓಡ್ಬೇಕು? ಆರ್ಸು."

"ಮತ್ತೆ ತಿರುಗ್ದೇ ಹೋದ್ರೆ?" ಎಂದುಬಿಟ್ಟೆ. ಬಾಯಿಂದ ಜಾರಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಇವರ ಮುಖ ಬಿಳಿಚಿತ್ತು. ಬಾಗಿಲ ಚೌಕಟ್ಟು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಆದರೂ ಹೇಳಿದರು. "ತಿರುಗುತ್ತೆ ಕಣೇ. ಆರ್ಸು ನೀನು. ನಾನು ಇಲ್ಲೇ ನಿಂತಿರ್ತೀನಿ."

ಹೋಗಿ ಆರಿಸಿದೆ. ಸದ್ದು ಒಮ್ಮೆಲೇ ನಿಲ್ಲುವುದಿಲ್ಲ, ಇಳಿಯುತ್ತ ಇಳಿಯುತ್ತ ಹೋಗುತ್ತದೆ. ಪೂರ್ತಿ ನಿಲ್ಲುವವರೆಗೆ ಇಬ್ಬರೂ ಕೇಳಿಸಿಕೊಂಡೆವು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗೋಡೆಯ ಗಡಿಯಾರ ಜೋರಾಗಿ ಹೊಡೆದುಕೊಂಡಂತಾಯಿತು. ಆಮೇಲೆ ಇವರು ಬ್ಯಾಗಿಗೆ ಕೈ ಹಾಕಿದರು, ಭಾರ ಎತ್ತಬಾರದೆಂದು ಎಷ್ಟು ಸಲ ಹೇಳುವುದು ಎಂದು ಬೈದು ಕಿತ್ತುಕೊಂಡೆ.

ಅದೇ ದಿನ, ಸಂಜೆ

ಡಾಕ್ಟರು ಹೊರಗೆ ಬಂದು ಹೇಳಿದರು. ಕವಾಟ ಹಾಕಿಯಾಯಿತು. ನಿಲ್ಲಿಸಿದ ಹೃದಯ ಮತ್ತೆ ಹೊಡೆದುಕೊಳ್ಳುತ್ತಿದೆ, ತಾನಾಗಿಯೇ ಶುರುವಾಯಿತು. ನಾಳೆ ಮಾತಾಡಬಹುದು.

ಮಗಳು ಅತ್ತಳು. ನಾನು ಡಾಕ್ಟರ ಬಲಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲವಂತೆ. ನರ್ಸೊಬ್ಬರು ಬಂದು ಮೆಲ್ಲಗೆ ಬಿಡಿಸಬೇಕಾಯಿತಂತೆ. ಇದೆಲ್ಲ ಮಗಳು ಆಮೇಲೆ ಹೇಳಿದ್ದು. ನನಗೆ ಗೊತ್ತೇ ಆಗಲಿಲ್ಲ.